ಹಳೆಯ ವಾಹನವೂ ಒಡೆತನದ ಧರ್ಮವೂ

ಮನುಷ್ಯನು ವಸ್ತುಗಳನ್ನು ಎರಡು ಕಾರಣಗಳಿಂದ ಇಟ್ಟುಕೊಳ್ಳುತ್ತಾನೆ. ಒಂದು, ಅವು ಕೆಲಸಕ್ಕೆ ಬರುತ್ತವೆಂದು. ಇನ್ನೊಂದು, ಕೆಲಸಕ್ಕೆ ಬಾರದಿದ್ದರೂ ಬಿಸಾಡಲು ಮನಸ್ಸು ಒಪ್ಪದೆಂದು. ಅಜ್ಜಿಯ ಕಾಲದ ಹಿತ್ತಾಳೆಯ ಬಿಂದಿಗೆ, ಅಜ್ಜನ ಕೈಗೋಲು ಮೊದಲಾದುವು ಎರಡನೆಯ ಬಗೆಯವು. ಅವಕ್ಕೆ ಮನೆಯ ಒಂದು ಮೂಲೆ ಸಾಕು. ಅವು ಅನ್ನ ಕೇಳುವುದಿಲ್ಲ. ಹಳೆಯ ಮೋಟಾರು ವಾಹನದ ಸಂಗತಿ ಹಾಗಲ್ಲ. ಅದು ಜಾಗವನ್ನು ಬೇಡುತ್ತದೆ, ಹಣವನ್ನು ಬೇಡುತ್ತದೆ, ಕುಶಲಿಯ ಕೈಯನ್ನೂ ಒಡೆಯನ ರಜಾದಿನಗಳನ್ನೂ ಬೇಡುತ್ತದೆ. ಇಷ್ಟನ್ನೆಲ್ಲ ಕೊಟ್ಟು ಅದನ್ನು ಸಾಕುವವರಿದ್ದಾರೆ. ಇದು ವ್ಯಾಮೋಹವೋ, ವಿಲಾಸವೋ, ಅಥವಾ ಒಂದು ಬಗೆಯ ಧರ್ಮವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೈಸೂರು ನಗರಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಅರಮನೆಯ ಮೋಟಾರುಗಳನ್ನು ಬೀದಿಯ ಇಕ್ಕೆಲದಲ್ಲಿ ನಿಂತು ನೋಡಿದ ಊರು ಇದು. ಜಾವಾ ಮೋಟಾರು ಸೈಕಲ್ಲು ತಯಾರಾದ ಊರೂ ಇದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಪರವಾನಗಿಯಿಂದ 1960ರ ದಶಕದ ಆರಂಭದಲ್ಲಿ ಕೆಲಸ ತೊಡಗಿತು. ಮುಂದೆ 1970ರ ದಶಕದಲ್ಲಿ ಆ ವಾಹನಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒದ್ದು ಚಾಲೂ ಮಾಡುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ, ಪೆಟ್ರೋಲಿಗೆ ಎಣ್ಣೆ ಬೆರೆಸುವ ಪದ್ಧತಿ, ಇವು ಅದರ ಲಕ್ಷಣಗಳು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅದರ ಅಭಿಮಾನಿಗಳು ಹಬ್ಬದಂತೆ ಆಚರಿಸುತ್ತಾರೆ. ಇನ್ನೊಂದೆಡೆ, ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಬಳಿ, 2023ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರು ನೋಡಬಹುದಾಗಿದೆ.

ಈ ಹವ್ಯಾಸದ ಮೇಲಿನ ಮೊದಲ ಆಕ್ಷೇಪ ಪ್ರಬಲವಾದುದು. ಹಸಿದವರಿರುವ ನಾಡಿನಲ್ಲಿ ಓಡದ ಗಾಡಿಗೆ ದುಡ್ಡು ಸುರಿಯುವುದು ನ್ಯಾಯವೆ? ಎರಡು ಸ್ಟ್ರೋಕಿನ ಇಂಜಿನ್ನು ಉಗುಳುವ ಹೊಗೆಯನ್ನು ನೆನಪಿನ ಹೆಸರಿನಲ್ಲಿ ನೆರೆಹೊರೆಯವರು ಏಕೆ ಸಹಿಸಬೇಕು? ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆದರೆ ಇದೇ ತಕ್ಕಡಿಯಲ್ಲಿ ತೂಗಿದರೆ ವೀಣೆಯೂ ಉಳಿಯದು, ಚಿತ್ರವೂ ಉಳಿಯದು, ಮನೆಯಂಗಳದ ಮಲ್ಲಿಗೆಯೂ ಉಳಿಯದು. ಆದುದರಿಂದ ಕೇಳಬೇಕಾದುದು ಖರ್ಚಾಯಿತೆ ಎಂಬುದನ್ನಲ್ಲ, ಆ ಖರ್ಚಿನಿಂದ ಏನು ಉಳಿಯಿತು, ಯಾರಿಗೆ ಉಳಿಯಿತು ಎಂಬುದನ್ನು. ಹೊಗೆಯ ಮಾತಿಗೆ ಮಿತಿಯೇ ಉತ್ತರ. ವರ್ಷಕ್ಕೆ ನಾಲ್ಕು ದಿನ ಹೊರಡುವ ಗಾಡಿಯನ್ನೂ ದಿನವೂ ಹೊಗೆಯುಗುಳುವ ಗಾಡಿಯನ್ನೂ ಒಂದೇ ಎನ್ನಲಾಗದು.

ಏನು ಉಳಿಯಿತು ಎಂದು ಕೇಳಿದೊಡನೆ ಎರಡನೆಯ ತೊಡಕು ಎದುರಾಗುತ್ತದೆ. ಮಿಲಿಂದನೆಂಬ ಯವನರಾಜನಿಗೂ ನಾಗಸೇನನೆಂಬ ಭಿಕ್ಷುವಿಗೂ ನಡೆದ ಸಂವಾದ ಬೌದ್ಧ ಸಾಹಿತ್ಯದಲ್ಲಿ ಪ್ರಸಿದ್ಧವಾದುದು. ಅಚ್ಚು ರಥವೆ? ಗಾಲಿ ರಥವೆ? ನೊಗ ರಥವೆ? ಎಂದು ಭಿಕ್ಷು ಒಂದೊಂದಾಗಿ ಕೇಳುತ್ತ ಹೋದಂತೆ ಅರಸನು ಅಲ್ಲ ಅಲ್ಲವೆನ್ನುತ್ತಾನೆ. ಕೊನೆಗೆ ರಥವೆಂಬುದು ಅಂಗಗಳ ಕೂಟಕ್ಕೆ ಇಟ್ಟ ಹೆಸರೆಂದು ತಾನೇ ಒಪ್ಪುತ್ತಾನೆ. ಹಳೆಯ ಕಾರನ್ನು ಬಿಚ್ಚಿ ಜೋಡಿಸುವವನ ಕೊಟ್ಟಿಗೆಯಲ್ಲಿ ಈ ಪ್ರಶ್ನೆ ಮತ್ತೆ ಹುಟ್ಟುತ್ತದೆ. ಪಿಸ್ಟನ್ನು ಹೊಸದು, ತಂತಿ ಹೊಸದು, ಆಸನದ ಚರ್ಮ ಹೊಸದು, ಬಣ್ಣ ಹೊಸದು, ಹಾಗಾದರೆ ಹಳೆಯದಾವುದು?

ಕಾಯಿದೆಯೂ ಈ ತೊಡಕಿಗೆ ತನ್ನದೊಂದು ಉತ್ತರ ಕೊಟ್ಟಿದೆ. 2021ರಲ್ಲಿ ಭಾರತ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲಿಯೇ ಇದ್ದು, ಚೌಕಟ್ಟು, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಾಗದ ವಾಹನ ಮಾತ್ರ ಪ್ರಾಚೀನ ವಾಹನವೆನಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದರ ಅವಧಿ 10 ವರ್ಷ. ಪ್ರದರ್ಶನ, ಸಂಶೋಧನೆ, ಮೆರವಣಿಗೆ, ದುರಸ್ತಿ ಇಂಥ ಕಾರಣಗಳಿಗೆ ಅದು ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಸಲ್ಲದು.

ನಿಯಮಕ್ಕೆ ಇಷ್ಟು ಸಾಕು. ವಿವೇಕಕ್ಕೆ ಇದು ಸಾಲದು. ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ತುತ್ತಾಯಿತು. ಹೊಸ ತೇರು ಸಿದ್ಧವಾಗಿ 2022ರ ಆಷಾಢದಲ್ಲಿ ಉತ್ಸವ ಮತ್ತೆ ನಡೆಯಿತು. ಮರ ಬೇರೆಯಾದರೂ ತೇರು ಚಾಮರಾಜೇಶ್ವರನದೇ. ತೇರಿನ ಬಾಳು ಮರದಲ್ಲಿಲ್ಲ, ಅದನ್ನು ಎಳೆಯುವ ಕೈಗಳಲ್ಲಿದೆ. ಕಾರಿಗೆ ಈ ಸಮಾಧಾನ ಪೂರ್ತಿಯಾಗಿ ಒದಗದು. ಅದು ನಿರ್ದಿಷ್ಟ ವರ್ಷದಲ್ಲಿ ನಿರ್ದಿಷ್ಟ ಜನರ ಕೈಯಿಂದ ಹೊರಬಂದ ಸಾಕ್ಷಿ. ಸಾಕ್ಷಿಯನ್ನು ತಿದ್ದಬಹುದೆ? ಬಾಗಿಲ ಮೇಲಿನ ತಗ್ಗು ಎಂದೋ ನಡೆದ ಪಯಣದ ಗುರುತು. ಅದನ್ನು ಬಡಿದು ನಯಮಾಡಿ ಕನ್ನಡಿಯಂತೆ ಹೊಳೆಯಿಸಿದವನು ಗಾಡಿಗೆ ಯೌವನ ಕೊಟ್ಟನೆಂದುಕೊಳ್ಳುತ್ತಾನೆ. ಅದರ ಚರಿತ್ರೆಯನ್ನು ಅಳಿಸಿದನೆಂಬುದು ಅವನಿಗೆ ತೋರದು. ಹಾಗೆಂದು ತುಕ್ಕನ್ನು ಬೆಳೆಯಗೊಟ್ಟರೆ ಸಾಕ್ಷಿಯೇ ಉಳಿಯದು. ಆದಕಾರಣ ಉಳಿವಿಗೆ ಅವಶ್ಯವಾದಷ್ಟನ್ನು ಮಾಡುವುದು, ಮಾಡಿದುದನ್ನು ಬರೆದಿಡುವುದು, ಹೊಸದನ್ನು ಹಳೆಯದೆಂದು ಹೇಳಿ ಮಾರದಿರುವುದು, ಈ ಮೂರೇ ಇಲ್ಲಿನ ಸತ್ಯವ್ರತ. ಹೊಸ ಪಿಸ್ಟನ್ನು ಸುಳ್ಳಲ್ಲ. ಅದನ್ನು ಬಚ್ಚಿಡುವುದು ಸುಳ್ಳು.

ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದು ಆಸ್ಟಿನ್ ಕಾರು ಇದೆ. ರಸ್ತೆಯ ಗಾಡಿಗೆ ಹಳಿಯ ಗಾಲಿಗಳನ್ನು ತೊಡಿಸಿ ಅದನ್ನು ರೈಲುದಾರಿಯಲ್ಲಿ ಓಡುವಂತೆ ಮಾಡಿದ್ದಾರೆ. ಮೂಲರೂಪವನ್ನೇ ಪರಮವೆನ್ನುವವನು ಆ ಗಾಲಿಗಳನ್ನು ಕಳಚಿ ರಬ್ಬರಿನವನ್ನು ಹಾಕಬೇಕೆಂದಾನು. ಹಾಗೆ ಮಾಡಿದರೆ ಸಿಕ್ಕುವುದು ಎಲ್ಲೆಡೆಯೂ ಇದ್ದ ಒಂದು ಆಸ್ಟಿನ್. ಕಳೆದುಹೋಗುವುದು ಇಲ್ಲಿ ಮಾತ್ರ ನಡೆದ ಒಂದು ಜಾಣ್ಮೆ. ಮಾರ್ಪಾಟೂ ಒಂದು ಚರಿತ್ರೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇನ್ನು ಯಾರಿಗೆ ಉಳಿಯಿತು ಎಂಬ ಮಾತು. ಯೆಜ್ಡಿಯ ತೊಟ್ಟಿಯನ್ನು ಉಜ್ಜಿ ಹೊಳಪೇರಿಸುವವನ ಪ್ರೀತಿ ನಿಜವಾದುದೇ. ಆದರೆ ಆ ತೊಟ್ಟಿಯನ್ನು ಬೆಸೆದವರಿದ್ದರು, ಇಂಜಿನ್ನನ್ನು ಕೂಡಿಸಿದವರಿದ್ದರು, ಕಾರ್ಖಾನೆಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದವರಿದ್ದರು. 1996ರಲ್ಲಿ ಬಾಗಿಲು ಹಾಕಿದಾಗ ಗಾಡಿಗಳು ರಸ್ತೆಯಲ್ಲಿ ಉಳಿದುವು, ಕೆಲಸ ಉಳಿಯಲಿಲ್ಲ. ಕಬ್ಬಿಣವನ್ನು ನೆನೆದು ಕೈಗಳನ್ನು ಮರೆಯುವ ಸ್ಮರಣೆ ಅರ್ಧಸ್ಮರಣೆ. ಅದರಂತೆ ಅರಮನೆಯ ಕಾರಿನ ಮುಂದೆ ನಿಂತವನು ಒಡೆಯನ ಹೆಸರನ್ನು ಹೇಳುತ್ತಾನೆ. ಅದನ್ನು ದಿನವೂ ಒರೆಸಿ, ಎಣ್ಣೆಹಾಕಿ, ಓಡಿಸಿದ ಸಾರಥಿಯ ಹೆಸರನ್ನು ಹೇಳುವವರು ವಿರಳ. ಹಳೆಯ ವಾಹನವನ್ನು ಉಳಿಸುವವನು ಇವರ ಮಾತನ್ನು ಕೇಳಿ ಬರೆದುಕೊಂಡರೆ, ವಯಸ್ಸಾದ ಕುಶಲಿಯಿಂದ ಅವನ ವಿದ್ಯೆಯನ್ನು ಒಬ್ಬ ಹುಡುಗನಿಗೆ ಕಲಿಸಿದರೆ, ಆಗ ಖರ್ಚಾದ ಹಣ ಬರಿಯ ಲೋಹಕ್ಕೆ ಹೋಯಿತೆಂದು ಯಾರೂ ಹೇಳಲಾರರು. ಇಂಜಿನ್ನಿನ ಸದ್ದು ಕೇಳಿಯೇ ದೋಷವನ್ನು ತಿಳಿಯುವ ಕಿವಿ ಪುಸ್ತಕದಲ್ಲಿ ಸಿಕ್ಕುವ ವಸ್ತುವಲ್ಲ. ಕೆಲಸವಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಒಂದು ತಲೆಮಾರಿನಲ್ಲಿ ಅಳಿಯುತ್ತದೆ.

ಇದರಿಂದ ಒಡೆತನದ ಅರ್ಥವೂ ತಿಳಿಯಾಗುತ್ತದೆ. ಹೊಸ ಕಾರನ್ನು ಕೊಂಡವನು ಅದು ಸವೆಯುವವರೆಗೆ ಅದರ ಸ್ವಾಮಿ. ಎಂಬತ್ತು ವರ್ಷದ ಕಾರನ್ನು ಪಡೆದವನು ಹಾಗಲ್ಲ. ಅವನಿಗಿಂತ ಮುಂಚೆ ಅದಕ್ಕೆ ಒಡೆಯರಿದ್ದರು, ಅವನು ಸರಿಯಾಗಿ ನೋಡಿಕೊಂಡರೆ ಅವನ ತರುವಾಯವೂ ಇರುತ್ತಾರೆ. ಅವನ ಕೈಯಲ್ಲಿರುವುದು ಆಸ್ತಿಯಲ್ಲ, ನ್ಯಾಸ. ಬೀಗ ಹಾಕಿದ ಕೊಟ್ಟಿಗೆಯಲ್ಲಿ ಹೊದಿಕೆಯ ಕೆಳಗೆ ಒಬ್ಬನ ಕಣ್ಣಿಗೆ ಮಾತ್ರ ಬೀಳುವ ಕಾರು ಲೋಭದ ಇನ್ನೊಂದು ರೂಪ. ಅದೇ ಕಾರು ಶಾಲೆಯ ಮಕ್ಕಳ ಮುಂದೆ ನಿಂತು, ಯಾರು ಮಾಡಿದರು, ಹೇಗೆ ಓಡಿತು, ಏನೇನು ಬದಲಾಯಿತು ಎಂದು ಹೇಳಿಸಿಕೊಂಡರೆ ಅದು ವಿದ್ಯಾದಾನ. ವಸ್ತು ಒಂದೇ, ಒಡೆಯನ ಮನಸ್ಸು ಬೇರೆ.

ಯಂತ್ರಕ್ಕೆ ಜೀವವಿಲ್ಲ, ಅದು ಕೃತಜ್ಞತೆಯನ್ನು ತೋರಿಸಲಾರದು. ಅದನ್ನು ಉಳಿಸಿದವನಿಗೆ ಅದರಿಂದ ಮರಳಿ ಬರತಕ್ಕದ್ದು ಏನೂ ಇಲ್ಲ. ಆದರೂ, ತಾನು ಮಾಡದ, ತನ್ನೊಡನೆ ಮುಗಿಯದ ಒಂದು ವಸ್ತುವನ್ನು ಕೆಲವು ಕಾಲ ಕೆಡದಂತೆ ಕಾಯ್ದು, ಸುಳ್ಳು ಹೇಳದೆ ಮುಂದಿನವರ ಕೈಗೆ ಒಪ್ಪಿಸುವುದು ಸಣ್ಣ ಕೆಲಸವೇನೂ ಅಲ್ಲ. ಮನೆಯನ್ನು, ನುಡಿಯನ್ನು, ನಾಡನ್ನು ಕಾಯುವವರೂ ಮಾಡುವುದು ಅದನ್ನೇ.