ಗೆರೆಯ ಹೊರಗೆ ನಿಂತವನ ಸೇವೆ



ವಿಜಯಪುರದ ಗಾಂಧಿ ಚೌಕದಲ್ಲಿ, ತಿಕೋಟಾ ಬಬಲೇಶ್ವರಗಳ ಕಡೆಯಿಂದ ಬರುವ ಜನರೂ ಗಾಡಿಗಳೂ ಒಟ್ಟುಗೂಡುವಾಗ, ಕೈಸನ್ನೆಯಿಂದ ದಾರಿ ತೋರಿಸುವ ಪೋಲೀಸಿನವನನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅವನು ತಾನು ಎಲ್ಲಿಗೂ ಹೋಗುವದಿಲ್ಲ. ಆದರೆ ಅವನು ನಿಂತಿರುವದರಿಂದಲೇ ಮಿಕ್ಕವರೆಲ್ಲರಿಗೂ ಹೋಗುವದಕ್ಕಾಗುತ್ತದೆ. ತಾನು ನಿಂತು ಬೇರೆಯವರನ್ನು ನಡಿಸುವ ಈ ಕೆಲಸವು ಸುಲಭವಾಗಿ ತೋರಬಹುದು. ಆದರೆ ಒಂದು ಕಾಲದಲ್ಲಿ ತಾನೇ ಓಡಿದವನಿಗೆ ಇದಕ್ಕಿಂತ ಕಠಿಣವಾದ ಸೇವೆ ಮತ್ತೊಂದಿಲ್ಲ. ಇದನ್ನು ಕುರಿತು ನಾವು ಸ್ವಲ್ಪ ಆಲೋಚಿಸೋಣ. ದೃಷ್ಟಾಂತವನ್ನು ಕಾಲ್ಚೆಂಡಾಟದ ಬೈಲಿನಿಂದ ತೆಗೆದುಕೊಳ್ಳುತ್ತೇವೆ.

ಆಶ್ಲಿ ವೆಸ್ಟ್‌ವುಡ್ ಎಂಬವರು 1976ರಲ್ಲಿ ಇಂಗ್ಲೆಂಡ್ ದೇಶದ ಬ್ರಿಜ್‌ನಾರ್ತ್ ಎಂಬ ಊರಲ್ಲಿ ಹುಟ್ಟಿದರು. ಹುಡುಗತನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರಾದ ಸಂಘದಲ್ಲಿ ಆಟವನ್ನು ಕಲಿತರೂ, ಅದರ ಮುಖ್ಯ ತಂಡದಲ್ಲಿ ಆಡುವ ಸಂದರ್ಭವು ಅವರಿಗೆ ಬರಲಿಲ್ಲ. ಆ ಮೇಲೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್, ನಾರ್ಥಾಂಪ್ಟನ್ ಮೊದಲಾದ ಊರುಗಳ ತಂಡಗಳಲ್ಲಿ, ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರರಾಗಿ ದುಡಿದರು. ಕಾಲಿನ ಬಲವು ತಗ್ಗುವ ದಿನವು ಪ್ರತಿಯೊಬ್ಬ ಆಟಗಾರನಿಗೂ ಬರುತ್ತದೆ. 2013ರಲ್ಲಿ ಅವರು ಸ್ವದೇಶವನ್ನು ಬಿಟ್ಟು ನಮ್ಮ ಕನ್ನಡನಾಡಿಗೆ ಬಂದು, ಅದೇ ವರುಷ ಹುಟ್ಟಿದ ಬೆಂಗಳೂರು ಎಫ್‌ಸಿ ಎಂಬ ತಂಡವನ್ನು ನಡಿಸುವ ಮ್ಯಾನೇಜರಾದರು. ಆ ತಂಡಕ್ಕೆ ಹಿಂದಿನ ಚರಿತ್ರೆಯೇ ಇರಲಿಲ್ಲ. ಹೀಗಿದ್ದಾಗ್ಯೂ ಸುನೀಲ್ ಛೇತ್ರಿಯವರು ನಾಯಕರಾಗಿದ್ದ ಆ ತಂಡವು ಮೊದಲನೆಯ ವರುಷವೇ, 2014ರ ಏಪ್ರಿಲಿನಲ್ಲಿ, ಗೋವೆಯ ಡೆಂಪೊ ತಂಡವನ್ನು ಸೋಲಿಸಿ, ಐ-ಲೀಗ್ ಎಂಬ ಅಖಿಲ ಭಾರತ ಪಂದ್ಯಾವಳಿಯನ್ನು ಗೆದ್ದಿತು.

ಆದರೆ ನಾವು ಹೇಳಬೇಕೆಂದಿರುವದು ಆ ಗೆಲುವಿನ ವಿಷಯವಲ್ಲ. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆ ವರುಷದ ಕಡೇ ಪಂದ್ಯವು ನಡೆಯಿತು. ಬೆಂಗಳೂರಿನವರು ಗೆದ್ದರೆ ಪ್ರಶಸ್ತಿಯು ಅವರದು. ಪಂದ್ಯವು ಸಮವಾದರೆ ಕಲ್ಕತ್ತೆಯ ಮೋಹನ್ ಬಗಾನ್ ತಂಡದ್ದು. ಬೆಂಗಳೂರಿನವರು ಮೊದಲು ಒಂದು ಗೋಲು ಹೊಡೆದು ಮುಂದಿದ್ದರು. ಆಟವು 90 ನಿಮಿಷಗಳದ್ದು. ಇನ್ನು ಕೆಲವೇ ನಿಮಿಷಗಳು ಉಳಿದಿರಲಾಗಿ ಮೋಹನ್ ಬಗಾನಿನ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಹೊಡೆದು ಸಮಮಾಡಿದನು. ತನ್ನ ಬಾಳಿನ ಬಹುಕಾಲವನ್ನು ಇಂಥ ಚೆಂಡುಗಳನ್ನು ತಡೆಯುವದರಲ್ಲಿಯೇ ಕಳೆದಿದ್ದ ಮನುಷ್ಯನು ಸುಣ್ಣದ ಗೆರೆಯ ಹೊರಗೆ ನಿಂತಿದ್ದನು. ಅವನು ಕೂಗಿ ಹೇಳಬಹುದಾಗಿತ್ತು, ಆಗಿನ ನಿಯಮದಂತೆ ಮೂವರು ಆಟಗಾರರನ್ನು ಬದಲಾಯಿಸಬಹುದಾಗಿತ್ತು. ಗೆರೆಯನ್ನು ದಾಟಿ ಒಳಗೆ ಓಡುವದಕ್ಕೆ ಮಾತ್ರ ಅಪ್ಪಣೆಯಿಲ್ಲ. ಪ್ರಶಸ್ತಿಯು ಕೈತಪ್ಪಿತು.

ರೆಫೀದೀಮಿನಲ್ಲಿ ಅಮಾಲೇಕ್ಯರ ಸಂಗಡ ಯುದ್ಧವಾದಾಗ ಮೋಶೆಯು ಎಲ್ಲಿದ್ದನು? ಕೆಳಗೆ ಕತ್ತಿ ಹಿಡಿದವನು ಯೆಹೋಶುವನು. ಮುದುಕನಾದ ಮೋಶೆಯು ಗುಡ್ಡದ ಮೇಲಿದ್ದನು. ಯೌವನದಲ್ಲಿ ಐಗುಪ್ತ್ಯನನ್ನು ತನ್ನ ಕೈಯಿಂದಲೇ ಹೊಡೆದವನು ಅವನು. ಆದರೆ ಈಗ ಅವನ ಪಾಲಿಗೆ ಬಂದದ್ದು ಕೈಗಳನ್ನು ಎತ್ತಿಕೊಂಡಿರುವದು ಮಾತ್ರ. ಅದೂ ಭಾರವಾಯಿತು. ಆರೋನನೂ ಹೂರನೂ ಎರಡು ಕಡೆಯಿಂದ ಆ ಕೈಗಳಿಗೆ ಆಧಾರ ಕೊಟ್ಟರು. ಗುಡ್ಡದ ಮೇಲಿನ ಕೆಲಸವು ಬಯಲಿನ ಕೆಲಸಕ್ಕಿಂತ ಹಗುರವಾಗಿತ್ತೆಂದು ಯಾರೂ ತಿಳಿಯಬಾರದು.

ಆ ಸೋಲಿನ ನಂತರವೂ ವೆಸ್ಟ್‌ವುಡ್ಡರು ತಮ್ಮ ಕೆಲಸವನ್ನು ಬಿಡಲಿಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರು ತಂಡವು ತಿರಿಗಿ ಐ-ಲೀಗನ್ನು ಗೆದ್ದಿತು. ಅದೇ ವರುಷ ಅವರು ಹೊರಟುಹೋದರು. ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಎಂಬವರು ಅವರ ಸ್ಥಾನಕ್ಕೆ ಬಂದರು. ನವಂಬರಿನಲ್ಲಿ ಆ ತಂಡವು ಏಷ್ಯಾ ಖಂಡದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ದೋಹಾದಲ್ಲಿ ಆಡಿತು. ಸೋತರೂ, ಅಲ್ಲಿಯ ವರೆಗೆ ಹೋದ ಮೊದಲನೆಯ ಭಾರತೀಯ ತಂಡವು ಅದೇ. ಆ ದಿನ ಗೆರೆಯ ಬಳಿಯಲ್ಲಿ ನಿಂತವನು ಬೇರೊಬ್ಬನು. ಕೊರಿಂಥದ ಸಭೆಯವರು ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ ಎಂದು ಒಡೆದಾಗ, ಅಪೊಸ್ತಲನು ಅವರಿಗೆ ಹೊಲದ ಕೆಲಸದ ಸಾಮ್ಯದಿಂದ ಬುದ್ಧಿ ಹೇಳಿದ್ದನ್ನು ನೆನಪುಮಾಡಿಕೊಳ್ಳಿರಿ. ತಿಕೋಟೆಯ ದ್ರಾಕ್ಷೇತೋಟದಲ್ಲಿ ಹಂದರ ಹಾಕಿದ ತಂದೆಯೇ ಎಲ್ಲಾ ಗೊಂಚಲುಗಳನ್ನೂ ಕೊಯ್ಯುತ್ತಾನೋ?

ಇನ್ನೂ ಒಂದು ಸಂಗತಿಯುಂಟು. 2024ರ ಮಾರ್ಚ್ 26ರಂದು ಗುವಾಹಾಟಿಯಲ್ಲಿ ಛೇತ್ರಿಯವರು ಭಾರತದ ಪರವಾಗಿ ತಮ್ಮ 150ನೆಯ ಪಂದ್ಯವನ್ನು ಆಡಿ ಒಂದು ಗೋಲು ಹೊಡೆದರು. ಎದುರು ಪಕ್ಷವಾದ ಅಫಘಾನಿಸ್ತಾನದ ತಂಡವನ್ನು ನಡಿಸುತ್ತಿದ್ದವರು ಅವರ ಹಳೆಯ ಗುರುವಾದ ವೆಸ್ಟ್‌ವುಡ್ಡರೇ. ಆ ದಿನ ಅಫಘಾನರು 2-1ರಿಂದ ಗೆದ್ದರು. ನಾವು ಕಲಿಸಿದವರು ನಮ್ಮ ಸ್ವತ್ತಲ್ಲವೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಯಾಕೆ ಬೇಕು?

ಸಭೆಯ ಹಿರಿಯರೇ, ಮನೆಯ ಯಜಮಾನರೇ, ಈ ಮಾತು ನಮಗೆ ಸಂಬಂಧಪಟ್ಟದ್ದು. ಮೂವತ್ತು ವರುಷ ಪ್ರಾರ್ಥನೆ ನಡಿಸಿದವನಿಗೆ, ಯೌವನಸ್ಥನು ತಡವರಿಸುತ್ತಾ ಪಾಠವನ್ನು ಓದುವದನ್ನು ಕೇಳಿ ಸುಮ್ಮನೆ ಕೂತಿರುವದು ಕಷ್ಟ. ಮಗನು ಕೂರಿಗೆಯನ್ನು ಸೊಟ್ಟಗೆ ನಡಿಸಿದರೆ ತಂದೆಯ ಕೈ ತಾನಾಗಿ ಮುಂದೆ ಹೋಗುತ್ತದೆ. ಇಲ್ಲಿ ಎರಡು ಅಪಾಯಗಳುಂಟು. ಗೆರೆಯನ್ನು ದಾಟಿ ಒಳಗೆ ನುಗ್ಗುವದು ಒಂದು. ಇದರಿಂದ ಮಗನು ಎಂದಿಗೂ ಕಲಿಯುವದಿಲ್ಲ, ಕಡೆಗೆ ಊರನ್ನೇ ಬಿಟ್ಟು ಹೋಗುವನು. ಮುನಿಸಿಕೊಂಡು ಮನೆಗೆ ಹೋಗುವದು ಇನ್ನೊಂದು. ಇದರಿಂದ ಅವನು ಒಬ್ಬಂಟಿಗನಾಗುವನು. ಗೆರೆಯ ಬಳಿಯಲ್ಲಿಯೇ ನಿಂತು, ಕಣ್ಣಿಟ್ಟು, ಬೇಕಾದಾಗ ಹೇಳಿ, ಬೇಡವಾದಾಗ ಮೌನವಾಗಿರುವದೇ ನಮ್ಮ ಪಾಲಿನ ಸೇವೆ.

ಯೌವನಸ್ಥರೇ, ನಿಮಗೂ ಒಂದು ಮಾತು. ಗುಡ್ಡದ ಮೇಲಿನ ಮುದುಕನ ಕೈಗಳು ಸೋಲುತ್ತವೆ. ಅವನ ಬಳಿಗೆ ಹೋಗಿ ಕೇಳಿರಿ, ಅವನ ಪಕ್ಕದಲ್ಲಿ ಕೂತುಕೊಳ್ಳಿರಿ.

ಓಡುವದಕ್ಕೆ ಬಲವನ್ನು ಕೊಟ್ಟ ಕರ್ತನು, ನಿಲ್ಲುವದಕ್ಕೆ ತಾಳ್ಮೆಯನ್ನೂ, ಬಿಟ್ಟುಕೊಡುವದಕ್ಕೆ ದೊಡ್ಡ ಮನಸ್ಸನ್ನೂ ನಮಗೆ ದಯಪಾಲಿಸಲಿ. ಆಮೆನ್.