ಹೊಟ್ಟೆನೋವಿನ ಚೀಟಿ

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಬೋಧಿಸುವ ನಾವು ಕಳೆದ ವರ್ಷ ನಮ್ಮ ಮೊಮ್ಮಗಳ ಶಾಲೆಯ ಡೈರಿಯಲ್ಲಿ ಹತ್ತು ಹನ್ನೆರಡು ಸುಳ್ಳು ಬರೆಸಿದೆವು. ಒಮ್ಮೆ ಜ್ವರ, ಒಮ್ಮೆ ವಾಂತಿ, ಒಮ್ಮೆ ಊರಿನಲ್ಲಿ ಯಾರದೋ ಮದುವೆ. ಸಹಿ ಮಗನದು, ಸಲಹೆ ನಮ್ಮದು. ಹುಡುಗಿಗೆ ಹನ್ನೆರಡು ವರ್ಷ. ತರಗತಿಯಲ್ಲಿ ಎದ್ದುನಿಂತು ಮಾತನಾಡಬೇಕಾದ ದಿನ ಬಂತೆಂದರೆ ಬೆಳಿಗ್ಗೆ ಆರೂವರೆಗೆ, "ಅಜ್ಜ, ಹೊಟ್ಟೆ ನೋಯ್ತದೆ, ಇವತ್ತೊಂದು ದಿನ ಬೇಡ" ಎನ್ನುವಳು. ಶಾಲೆಯ ಬಸ್ಸು ಗೇಟು ದಾಟಿದ ಅರ್ಧ ಗಂಟೆಯಲ್ಲಿ ಎರಡು ದೋಸೆ ತಿನ್ನುವಷ್ಟು ಗುಣವಾಗುತ್ತಿತ್ತು.

ನಾಟಕವೆಂದು ಮಗ ಸಿಟ್ಟಾದ. ನಾಟಕವಾಗಿರಲಿಲ್ಲ. ಹೆದರಿದ ದೇಹದಲ್ಲಿ ಎದೆ ಬಡಿದುಕೊಳ್ಳುತ್ತದೆ, ಕೈ ಬೆವರುತ್ತದೆ, ಕರುಳು ನಿಜವಾಗಿಯೇ ಹಿಂಡುತ್ತದೆ. ಬಸ್ಸು ಹೋದೊಡನೆ ನೋವು ಇಳಿಯುವುದೂ ಅಷ್ಟೇ ನಿಜ. ತಪ್ಪಿಸಿಕೊಂಡರೆ ಸುಖ ಸಿಗುತ್ತದೆಂದು ಮನಸ್ಸು ಆ ಗಳಿಗೆಯಲ್ಲಿ ಪಾಠ ಕಲಿಯುತ್ತದೆ. ಮುಂದಿನ ಸಲ ಹೆದರಿಕೆ ಇನ್ನಷ್ಟು ಬೇಗ, ಇನ್ನಷ್ಟು ಜೋರಾಗಿ ಬರುತ್ತದೆ. ಹಾಗಾದರೆ ಆ ಚೀಟಿಗಳು ಯಾರ ಮೇಲಿನ ದಯೆ? ಅವಳ ಕಣ್ಣೀರು ನೋಡಲಾರದ ನಮ್ಮ ಮೇಲಿನ ದಯೆಯಲ್ಲವೆ?

ಹಾಗೆಂದು ತಳ್ಳಿಬಿಡಬೇಕೆ? ನಮ್ಮ ಊರ ಕಡೆ ಈಜು ಕಲಿಸುವ ಎರಡು ಬಗೆಯಿತ್ತು. ದೊಡ್ಡಪ್ಪ ಒಣಗಿದ ತೆಂಗಿನಕಾಯಿ ಎರಡನ್ನು ಸೊಂಟಕ್ಕೆ ಕಟ್ಟಿ ಕೆರೆಗೆ ಇಳಿಸಿ, ತಾವೂ ಇಳಿದು, ಕೆಲವು ದಿನಗಳ ಮೇಲೆ ಒಂದು ಕಾಯಿ ಬಿಚ್ಚುವರು, ಆಮೇಲೆ ಇನ್ನೊಂದು. ಚಿಕ್ಕಪ್ಪನದು ಹಿಂದಿನಿಂದ ದೂಡುವ ಶಾಸ್ತ್ರ. ಅವರು ದೂಡಿದ ನಮ್ಮ ಓರಗೆಯವನೊಬ್ಬ ಈಗ ಎಪ್ಪತ್ತರ ಹತ್ತಿರದವನು, ಇವತ್ತಿಗೂ ಮೊಣಕಾಲು ಮುಳುಗುವ ನೀರಿಗೆ ಇಳಿಯುವುದಿಲ್ಲ.

ಮನೋವೈದ್ಯರು ಹೇಳಿದ್ದು ದೊಡ್ಡಪ್ಪನ ದಾರಿಯನ್ನೇ. ಇದು ಹೊಸತಲ್ಲ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಹೆದರುತ್ತಿದ್ದ ಮೂರು ವರ್ಷದ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ದಿನದಿನಕ್ಕೆ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದ್ದನ್ನು ಬರೆದಿಟ್ಟಿದ್ದಾರೆ. ನಮ್ಮ ಹುಡುಗಿಗೂ ಮೆಟ್ಟಿಲು ಕಟ್ಟಲಾಯಿತು: ಮೊದಲು ಅಜ್ಜಿಯ ಎದುರು ಒಂದು ಪುಟ ಗಟ್ಟಿಯಾಗಿ ಓದುವುದು, ಆಮೇಲೆ ಪಕ್ಕದ ಮನೆಯವರ ಎದುರು, ಆಮೇಲೆ ತರಗತಿಯಲ್ಲಿ ಕುಳಿತಲ್ಲಿಂದಲೇ ಒಂದು ಪ್ರಶ್ನೆ ಕೇಳುವುದು. ಮೆಟ್ಟಿಲಿನ ಎತ್ತರವನ್ನು ಅವಳೇ ಗೊತ್ತುಮಾಡಿದಳು. ದೂಡುವುದಕ್ಕೂ ಇಳಿಸುವುದಕ್ಕೂ ಇರುವ ಅಂತರ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಅದಕ್ಕೂ ಮೊದಲು ವೈದ್ಯರು ಇನ್ನೊಂದು ಮಾತು ಕೇಳಿದ್ದರು. ಶಾಲೆಯಲ್ಲಿ, ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ ಯಾರಾದರೂ ಕಾಡುತ್ತಾರೆಯೆ, ಮುಟ್ಟಬಾರದಂತೆ ಮುಟ್ಟುತ್ತಾರೆಯೆ ಎಂದು. ಕೆರೆಯಲ್ಲಿ ಮೊಸಳೆಯಿದ್ದರೆ ಈಜು ಕಲಿಸುವ ಮಾತೇ ಬರಬಾರದಷ್ಟೆ. ನಮಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ.

ದೊಡ್ಡವರ ಪಾಲು ಎಷ್ಟೆಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 7ರಿಂದ 14 ವಯಸ್ಸಿನ 124 ಮಕ್ಕಳಲ್ಲಿ ಒಂದು ಗುಂಪಿಗೆ ನೇರ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ತಂದೆತಾಯಿಗೆ ಮಾತ್ರ ತರಬೇತಿ, ಮಗುವಿಗೆ ಏನೂ ಇಲ್ಲ. ಎರಡನೆಯದರ ಫಲ ಮೊದಲನೆಯದಕ್ಕೆ ಕಡಿಮೆಯಾಗಲಿಲ್ಲ. ಅವರು ಕಲಿಸಿದ್ದರಲ್ಲಿ ಮುಖ್ಯವಾದವು ಎರಡು: ಮಗುವಿನ ಪರವಾಗಿ ತಪ್ಪಿಸಿಕೊಡುವುದನ್ನು ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸುವುದು, "ನಿನಗೆ ಹೆದರಿಕೆಯಾಗಿದೆ, ಅದು ಗೊತ್ತು, ಆದರೂ ನೀನು ತಾಳಬಲ್ಲೆ" ಎನ್ನುವುದು. "ಏನೂ ಆಗುವುದಿಲ್ಲ, ಹೆದರಬೇಡ" ಎಂಬ ನಮ್ಮ ಮಾಮೂಲು ಮಾತಿನಲ್ಲಿ ಈ ಎರಡೂ ಇಲ್ಲ ನೋಡಿ.

ಮಾತ್ರೆ ಬೇಕಾಗುವ ಮಕ್ಕಳೂ ಇದ್ದಾರೆ. 2008ರ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ 488 ಮಕ್ಕಳ ಪೈಕಿ, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 60 ಮಂದಿ ಚೇತರಿಸಿದರೆ, ಮಾತ್ರೆಯನ್ನೂ ಜೊತೆಗೆ ಪಡೆದವರಲ್ಲಿ ಸುಮಾರು 80. ಊರಿಗೆ ಗೊತ್ತಾದರೆ ನಾಳೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಹನ್ನೆರಡರ ಹುಡುಗಿಯ ವಿಷಯದಲ್ಲಿ ಪಿಸುಗುಟ್ಟಿದವರು ನಮ್ಮ ಮನೆಯಲ್ಲೂ ಇದ್ದರು. ವೈದ್ಯರಲ್ಲಿಗೆ ಹೋಗಲು ಅಳುಕುವವರಿಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416 ಇದೆ. ಅದರ ಭಾಷೆಗಳಲ್ಲಿ ಕನ್ನಡವೂ ಉಂಟು.

ಒಂದು ಸಂಜೆ ಹುಡುಗಿ ಕೇಳಿದಳು: "ಅಜ್ಜ, ನೀವು ಮುಂಬಯಿಗೆ ಬರುವಾಗ ಹೆದರಲಿಲ್ವಾ?" ಹದಿನಾರರಲ್ಲಿ ಒಬ್ಬನೇ ಬಸ್ಸು ಹತ್ತಿ ಬಂದು, ಹಗಲು ಹೋಟೆಲು ರಾತ್ರಿ ಶಾಲೆ ಎಂದು ಬದುಕಿದ ಕತೆಯನ್ನು ಈ ಮನೆಯಲ್ಲಿ ನೂರು ಸಲ ಹೇಳಿದ್ದೇವೆ. ಹೆದರಿಕೆಯ ಪ್ರಸ್ತಾಪ ಅದರಲ್ಲಿ ಎಂದೂ ಇರಲಿಲ್ಲ. ಮೊದಲ ತಿಂಗಳು ದಾದರಿನ ಜನಸಂದಣಿ ಕಂಡು ರೈಲು ಹತ್ತಲಾಗದೆ, ಎರಡು ಸ್ಟೇಷನ್ನು ದೂರ ನಡೆದೇ ಹೋಗುತ್ತಿದ್ದೆವು. ಅಮ್ಮನಿಗೆ ಬರೆದ ಕಾರ್ಡಿನಲ್ಲಿ ಮಾತ್ರ "ಇಲ್ಲಿ ಎಲ್ಲವೂ ಕ್ಷೇಮ." ಅದೂ ಒಂದು ಚೀಟಿಯೇ. ಅವಳಿಗೆ ಇದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ರೈಲು ಹತ್ತಿದ್ದು ಹೇಗೆ?" ಎಂದಳು. ಹೋಟೆಲಿನ ಅಡುಗೆಭಟ್ಟರೊಬ್ಬರು ಜೊತೆಗೆ ಬಂದು, ಮಧ್ಯಾಹ್ನದ ಖಾಲಿ ಗಾಡಿಗಳಲ್ಲಿ ಒಂದು ವಾರ ಹತ್ತಿಸಿ ಇಳಿಸಿದ್ದರು.

ಕಳೆದ ತಿಂಗಳ ಓರಲ್ ಪರೀಕ್ಷೆಯ ದಿನ ಡೈರಿಯಲ್ಲಿ ಏನೂ ಬರೆಯಲಿಲ್ಲ. ಹೊಟ್ಟೆನೋವಿತ್ತು; ಹೋದಳು. ನಡುವೆ ಧ್ವನಿ ನಿಂತಿತಂತೆ, ನೀರು ಕುಡಿದು ಮುಂದುವರಿಸಿದಳಂತೆ. ಹತ್ತಕ್ಕೆ ನಾಲ್ಕು ಅಂಕ. ಸೊಸೆ ಆ ದಿನ ಸಂಜೆ ಪಾಯಸ ಮಾಡಿದ್ದಳು, ನಾಲ್ಕು ಅಂಕಕ್ಕೆ ಪಾಯಸವೆ ಎಂದು ಮಗ ನಕ್ಕು ಎರಡು ಬಟ್ಟಲು ಕುಡಿದ.