ಮೂರು ಕೈ ದಾಟಿದ ಥರ್ಮಾಮೀಟರು

ಕಾಠಿಯಾವಾಡದ ಒಂದು ಹಳ್ಳಿಯಲ್ಲಿ ಒಬ್ಬ ಮೇಷ್ಟರಿದ್ದರು. ನಮ್ಮ ಪೈಕಿಯವರು. ಹೆಂಡತಿ ಹೆತ್ತ ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಭೇದಿ, ಪಕ್ಕೆನೋವು, ಉಸಿರಾಡಲಾರದ ಸಂಕಟ. ಮೇಷ್ಟರು ಡಾಕ್ಟರ ಹತ್ತಿರ ಓಡಿದರು. ಕೇರಿಗೆ ಕಾಲಿಡೋದಿಲ್ಲ ಅಂದ ಡಾಕ್ಟರು. ಊರಿನ ನಗರಶೇಟರ ಮುಂದೆ, ದರ್ಬಾರರ ಮುಂದೆ ಹೋಗಿ ಅಂಗಲಾಚಿದರು. ಎರಡು ರೂಪಾಯಿ ಫೀಸಿಗೆ ಶೇಟರು ಜಾಮೀನು ನಿಂತ ಮೇಲೆ ಡಾಕ್ಟರು ಒಪ್ಪಿದ. ಆದರೆ ರೋಗಿಯನ್ನು ಕೇರಿಯಿಂದ ಆಚೆಗೆ ತರಬೇಕು. ಹಸಿ ಬಾಣಂತಿಯನ್ನೂ ಕೂಸನ್ನೂ ಆಚೆಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಮೇಷ್ಟರ ಕೈಗೆ ಕೊಟ್ಟ. ಮೇಷ್ಟರು ಹೆಂಡತಿಗೆ ಇಟ್ಟರು. ಅದೇ ದಾರಿಯಲ್ಲಿ ಅದು ವಾಪಸು ಹೋಯಿತು. ರಾತ್ರಿ ಎಂಟರ ಹೊತ್ತು. ಡಾಕ್ಟರು ದೀಪದ ಬೆಳಕಿಗೆ ಆ ಗಾಜಿನ ಕಡ್ಡಿ ಹಿಡಿದು ನೋಡಿ ನ್ಯುಮೋನಿಯಾ ಅಂದ, ಹೊರಟುಹೋದ, ಔಷಧಿ ಕಳಿಸಿದ. ಇನ್ನೊಂದು ಸಲ ಬಂದು ನೋಡಿ ಅಂದರೆ ಬರಲಿಲ್ಲ. ಬಾಣಂತಿ ಸತ್ತಳು.

ಈ ಮೇಷ್ಟರ ಕಾಗದ 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ಅದನ್ನು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಸೇರಿಸಿದರು. ಆಗಿನ್ನೂ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ, ಡಾಕ್ಟರು ಮುಟ್ಟಿ ನೋಡಿದ್ದರೂ ಆಕೆ ಉಳಿಯುತ್ತಿದ್ದಳು ಅನ್ನೋದು ಏನು ಗ್ಯಾರಂಟಿ ಎಂದು ವಾದ ಹೂಡುವವರಿದ್ದಾರೆ. ಹೂಡಲಿ. ಆರೋಗ್ಯ, ಸುಖ, ನೆಮ್ಮದಿ ಅಂತ ಯಾರಾದರೂ ಭಾಷಣ ಶುರುಮಾಡಿದರೆ ನಮಗೆ ಮೊದಲು ನೆನಪಾಗೋದು ಈ ಥರ್ಮಾಮೀಟರು.

ಈಗ ಅಂಥ ಭಾಷಣ ಜಾಸ್ತಿಯಾಗಿದೆ. ಔಷಧಿಯೊಂದೇ ಸಾಲದು, ಮನುಷ್ಯನ ಪರಿಸರ ಚೆನ್ನಾಗಿರಬೇಕು, ನಾಲ್ಕು ಜನರ ಜೊತೆ ಬೆರೆತು ಬಾಳಬೇಕು, ಒಂಟಿತನವೇ ಕಾಯಿಲೆ ಎನ್ನುತ್ತಾರೆ. ಸುಳ್ಳಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೇಡಾ ಎಂಬಲ್ಲಿ ಸುಮಾರು 7,000 ಜನರನ್ನು ಒಂಬತ್ತು ವರ್ಷ ಗಮನಿಸಿ 1979ರಲ್ಲಿ ಬರೆದರು: ನಂಟರು, ಗೆಳೆಯರು, ಸಂಘ ಅಂತ ಯಾವ ಆಸರೆಯೂ ಇಲ್ಲದವರು ಉಳಿದವರಿಗಿಂತ ಬೇಗ ಸಾಯುತ್ತಾರೆ. ಪೆನ್ಸಿಲ್ವೇನಿಯಾದ ರೊಸೆಟೊ ಎಂಬ ಊರಿನ ಕತೆ ಇನ್ನೂ ಚೆಂದ. ಇಟಲಿಯಿಂದ ಬಂದ ಬಡವರು, ಕಲ್ಲು ಕ್ವಾರಿಯ ಕೂಲಿಗಳು. ಹಂದಿಕೊಬ್ಬಿನಲ್ಲಿ ಕರಿದದ್ದು ತಿನ್ನುತ್ತಿದ್ದರು, ಚುಟ್ಟ ಸೇದುತ್ತಿದ್ದರು. ಆದರೂ 1950-60ರ ದಶಕಗಳಲ್ಲಿ ಅಲ್ಲಿ ಎದೆ ಒಡೆದು ಸಾಯುವವರು ಸುತ್ತಲಿನ ಊರುಗಳಿಗಿಂತ ಕಡಿಮೆ. ಒಂದೊಂದು ಮನೆಯಲ್ಲಿ ಮೂರು ತಲೆಮಾರು, ಸಂಜೆಯಾದರೆ ಜಗಲಿ ಮೇಲೆ ಮಾತು. ಆಮೇಲೆ ದುಡ್ಡು ಬಂತು, ದೊಡ್ಡ ಮನೆ ಬಂತು, ಮನೆ ಸುತ್ತ ಬೇಲಿ ಬಂತು. 1970ರ ದಶಕದ ಹೊತ್ತಿಗೆ ಅವರ ಎದೆಗಳೂ ನೆರೆಯೂರಿನವರ ಎದೆಗಳ ಹಾಗೇ ಒಡೆಯತೊಡಗಿದವು.

ಇದನ್ನು ಓದಿದಾಗ ನಮಗೆ ಖುಷಿಯಾಯಿತು. ನಮ್ಮ ಕೇರಿಯನ್ನೇ ಯಾರೋ ಅಳೆದು ಸರ್ಟಿಫಿಕೇಟ್ ಕೊಟ್ಟ ಹಾಗೆ. ಯಾರಿಗಾದರೂ ಚಳಿಜ್ವರ ಬಂದರೆ ನಾಲ್ಕು ಮನೆಯಿಂದ ಗಂಜಿ ಬರುತ್ತದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದವರು ಮುದ್ದೆ ಕಟ್ಟಿ ತರುತ್ತಾರೆ. ಜಗಳವೂ ಅಷ್ಟೇ, ಬೆಳಿಗ್ಗೆ ಕೂದಲು ಹಿಡಿದು ಆಡಿದವರು ಸಂಜೆ ಹೇನು ನೋಡುತ್ತಾ ಕೂತಿರುತ್ತಾರೆ.

ಆದರೆ ಆಮೇಲೆ ಅನುಮಾನ ಹುಟ್ಟಿತು. ಗೆಳೆಯರೇ, ಕಾಠಿಯಾವಾಡದ ಆ ಊರಿನಲ್ಲಿ ಸಂಬಂಧಗಳಿಗೆ ಏನು ಬರವಿತ್ತು? ಡಾಕ್ಟರಿಗೆ ಶೇಟರ ಪರಿಚಯವಿತ್ತು. ಮೇಷ್ಟರಿಗೂ ಶೇಟರ ಹತ್ತಿರ ಹೋಗುವ ದಾರಿಯಿತ್ತು. ಎರಡು ರೂಪಾಯಿಗೆ ಜಾಮೀನು ನಿಲ್ಲುವಷ್ಟು ಕರುಣೆ ಶೇಟರಲ್ಲಿತ್ತು. ಎಲ್ಲರೂ ಎಲ್ಲರಿಗೂ ಗಂಟು ಹಾಕಿಕೊಂಡೇ ಇದ್ದರು. ಜಾತಿ ಎಂದರೆ ಸಂಬಂಧ ಇಲ್ಲದಿರುವುದಲ್ಲ. ಅದು ಬಲು ಬಿಗಿಯಾದ ಸಂಬಂಧ. ಯಾರು ಎಲ್ಲಿ ನಿಲ್ಲಬೇಕು, ಯಾವ ಸಾಮಾನು ಎಷ್ಟು ಕೈ ದಾಟಿ ಹೋಗಬೇಕು ಅನ್ನೋದನ್ನು ಗೆರೆ ಎಳೆದು ಇಟ್ಟಿದೆ. ಅನೇಕ ಊರುಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ನಮ್ಮ ಕೇರಿಯವಳು. ಊರ ಕೂಸು ಭೂಮಿಗೆ ಬೀಳುವಾಗ ಹಿಡಿದುಕೊಳ್ಳುವುದು ಅವಳ ಕೈ, ಹೊಕ್ಕಳಬಳ್ಳಿ ಕೊಯ್ಯುವುದು ಅವಳ ಕೈ. ಮೈಲಿಗೆ ಕಳೆದ ಮೇಲೆ ಅದೇ ಕೂಸನ್ನು ಅವಳು ಮುಟ್ಟುವ ಹಾಗಿಲ್ಲ. ಇದಕ್ಕಿಂತ ಹತ್ತಿರದ ಸಂಬಂಧ ಉಂಟೇ? ಇದರಿಂದ ಯಾರ ಆರೋಗ್ಯ ಕಾಪಾಡಿದಂತಾಯಿತು?

ನಿಜ ಹೇಳಬೇಕೆಂದರೆ ಅಲಮೇಡಾದವರು 1979ರಲ್ಲಿ ಕಂಡುಕೊಂಡದ್ದು ನಮ್ಮ ಊರುಗಳಿಗೆ ತಲೆತಲಾಂತರದಿಂದ ಗೊತ್ತಿತ್ತು. ಸಂಬಂಧ ಕಡಿದರೆ ಮನುಷ್ಯ ಒಣಗುತ್ತಾನೆ ಅನ್ನುವುದು ಗೊತ್ತಿದ್ದುದರಿಂದಲೇ ಬಹಿಷ್ಕಾರ ಅನ್ನುವ ಆಯುಧ ಹುಟ್ಟಿತು. ಕೊಡಲಿ ಬೇಡ, ಬೆಂಕಿ ಬೇಡ. ಅಂಗಡಿಯವನು ಬೆಂಕಿಪೊಟ್ಟಣ ಕೊಡಲ್ಲ, ಗಿರಣಿಯವನು ರಾಗಿ ಬೀಸಿಕೊಡಲ್ಲ, ಕೂಲಿಗೆ ಕರೆಯಲ್ಲ, ಮಾತಾಡಿಸಿದವರಿಗೆ ದಂಡ. ಇಷ್ಟಾದರೆ ಸಾಕು, ಕೇರಿ ತಾನೇ ಬಂದು ಕೈ ಮುಗಿಯುತ್ತದೆ. ಈ ಬಹಿಷ್ಕಾರ ಒಂದು ದೌರ್ಜನ್ಯ ಎಂದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಸರು ಹಿಡಿದು ಬರೆಯಬೇಕಾದರೆ 2015ರ ತಿದ್ದುಪಡಿಯೇ ಬರಬೇಕಾಯಿತು. ಒಂಟಿತನವನ್ನು ಆಧುನಿಕ ಕಾಲದ ಕಾಯಿಲೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಒಂದಿಡೀ ಜನವನ್ನು ಗುಂಪಾಗಿಯೇ ಒಂಟಿ ಮಾಡಬಹುದು.

ಪರಿಸರದ ಮಾತೂ ಹೀಗೇ. ನೀರು ಶುದ್ಧವಾಗಿರಬೇಕು ಅಂತ ಶಾಲೆಯಲ್ಲಿ ನಾವೂ ಉರುಹೊಡೆದಿದ್ದೇವೆ. 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಯಲ್ಲಿ ಬಾಬಾಸಾಹೇಬರೂ ಅವರ ಜೊತೆಗಿದ್ದವರೂ ನೀರು ಕುಡಿದರು. ಸವರ್ಣೀಯರು ಆಮೇಲೆ ಆ ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. 95 ವರ್ಷ ಕಳೆದು 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರದ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬಾಯಾರಿ ತೊಂಬೆಯ ನೀರು ಕುಡಿದಳು. ತೊಂಬೆ ಬರಿದುಮಾಡಿ ಗೋಮೂತ್ರ ಹಾಕಿ ತೊಳೆದರು. ಯಾವ ಲ್ಯಾಬೊರೇಟರಿಯೂ ಕಂಡುಹಿಡಿಯಲಾರದ ಕ್ರಿಮಿ ನಾವು.

ಹಾಗಂತ ಕೇರಿಯ ಸುಖವೇ ಸುಖ ಅಂತ ತಬ್ಬಿಕೊಂಡು ಕೂರಲು ನಮಗೆ ಮನಸ್ಸಿಲ್ಲ. ಆ ಗಂಜಿಯ ಬಿಸಿ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಬೇಕು. ಊರು ಬಾಗಿಲು ಹಾಕಿದ್ದಕ್ಕೆ ನಾವು ಒತ್ತರಿಸಿಕೊಂಡು ಬೆಚ್ಚಗಿದ್ದೆವು. ಕೊರೆಯುವ ಚಳಿಯಲ್ಲಿ ಕುರಿಗಳು ಒಂದಕ್ಕೊಂದು ಒರಗುವುದಕ್ಕೆ ಮೈತ್ರಿ ಅನ್ನೋಕಾಗಲ್ಲ. ಆ ಗಂಜಿ ಕಾಸಿದ್ದು ಯಾವಾಗಲೂ ಹೆಂಗಸರೇ, ಅವರು ಮಲಗಿದರೆ ಕಾಸುವವರು ಯಾರು ಅಂತ ನಾವು ಗಂಡಸರು ಕೇಳಲಿಲ್ಲ. ನಮ್ಮ ನಮ್ಮಲ್ಲೇ ಬಲಗೈ ಎಡಗೈ ಅಂತ ಎರಡು ಮಾಡಿಕೊಂಡು ಒಬ್ಬರ ಸೇದುವ ಬಾವಿಗೆ ಇನ್ನೊಬ್ಬರು ಇಳಿಯದ ಹಾಗೆ ಕಾದಿದ್ದೇವೆ. ಒಂದೇ ಮೈಯ ಎರಡು ಕೈ, ನೋಡಿ. ಆ ಥರ್ಮಾಮೀಟರು ನಮ್ಮ ಕೇರಿಯೊಳಗೇ ಎಷ್ಟು ಕೈ ದಾಟುತ್ತದೋ!

ಇನ್ನು ನಾಲ್ಕು ಅಕ್ಷರ ಕಲಿತು ಪಟ್ಟಣ ಸೇರಿದ ನಮ್ಮ ಪಾಡು. ಇಲ್ಲಿ ನಲ್ಲಿಯಿದೆ, ಫ್ಯಾನಿದೆ, ಚಿಲಕ ಹಾಕಿಕೊಳ್ಳುವ ಕಕ್ಕಸಿದೆ. ಅವ್ವನ ಕಾಲದ ಎಷ್ಟೋ ಕಾಯಿಲೆಗಳು ನಮ್ಮ ಹತ್ತಿರ ಸುಳಿಯುವುದಿಲ್ಲ. ಇದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ಬಾಡಿಗೆಗೆ ಮನೆ ಕೇಳಲು ಹೋದಾಗ ‘ನಿಮ್ಮದು ಯಾವ ಪೈಕಿ?’ ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಜನ ನಿಜ ಹೇಳಿದ್ದೇವೆ? ಬಾಡಿನ ಸಾರಿನ ವಾಸನೆ ಹೊರಗೆ ಹೋಗದಂತೆ ಕಿಟಕಿ ಮುಚ್ಚಿ ಬೇಯಿಸಿದವರು ಎಷ್ಟು ಜನ? 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಬರೋಡದಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಛತ್ರದಲ್ಲಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು ಅವರು ಅತ್ತರು. ಹೊರಗೆ ಹಾಕಿಸಿಕೊಂಡ ದಿನಕ್ಕಿಂತ ಸುಳ್ಳು ಹೆಸರಿನಲ್ಲಿ ಮಲಗಿದ ಆ ಹತ್ತು ರಾತ್ರಿಗಳೇ ಹೆಚ್ಚು ಕಷ್ಟದವು ಅಂತ ನಮಗೆ ಅನ್ನಿಸುತ್ತದೆ, ಯಾಕೆಂದರೆ ಆ ನಿದ್ದೆ ನಮಗೆ ಗೊತ್ತು. ಅವ್ವ ನಮ್ಮ ರೂಮಿಗೆ ಬಂದು ಎರಡು ದಿನ ಇದ್ದು ಹೊರಟಳು. ‘ಇಲ್ಲಿ ಯಾರೂ ಬಯ್ಯಕಿಲ್ಲ ಕಣಪ್ಪ, ಮಾತೂ ಆಡ್ಸಕಿಲ್ಲ’ ಅಂದಳು.

ಮತ್ತೆ ಯಾವ ಸಂಬಂಧವನ್ನು ನಾವು ಆರೋಗ್ಯ ಅನ್ನಬೇಕು? ಬುದ್ಧನ ಕತೆಯೊಂದಿದೆ, ವಿನಯ ಪಿಟಕದಲ್ಲಿ ಬರುತ್ತದೆ. ಒಬ್ಬ ಭಿಕ್ಕು ಭೇದಿಯಾಗಿ ತನ್ನ ಹೇಲಿನಲ್ಲೇ ಬಿದ್ದಿದ್ದ. ಅವನಿಂದ ಉಳಿದ ಭಿಕ್ಕುಗಳಿಗೆ ಏನೂ ಉಪಯೋಗವಿರಲಿಲ್ಲ, ಹಾಗಾಗಿ ಯಾರೂ ನೋಡುತ್ತಿರಲಿಲ್ಲ. ಬುದ್ಧ ಆನಂದನಿಗೆ ನೀರು ತರಹೇಳಿದ. ತಾನು ನೀರು ಹೊಯ್ದ, ಆನಂದ ಮೈ ತೊಳೆದ. ಒಬ್ಬ ತಲೆಯ ಕಡೆ ಇನ್ನೊಬ್ಬ ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ನೀರು, ಎರಡು ಜೊತೆ ಕೈ. ನಡುವೆ ಇನ್ನೊಬ್ಬ ಇರಲಿಲ್ಲ. ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವ ಅಂತ ಇದೆಯಲ್ಲ, ಅದನ್ನು ನಾವು ಈ ಕತೆಯಿಂದಲೇ ಅರ್ಥಮಾಡಿಕೊಂಡದ್ದು. ಮೊದಲೆರಡನ್ನು ಕೋರ್ಟಿನಲ್ಲಿ ಕೇಳಬಹುದು. ಮೂರನೆಯದನ್ನು ಯಾವ ಕೋರ್ಟು ಕೊಡಿಸುತ್ತದೆ?

ನಮ್ಮ ಗೆಳೆಯನೊಬ್ಬನ ಅವ್ವ ದೊಡ್ಡಾಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಆರು ದಿನ ಇದ್ದಳು. ಪಕ್ಕದ ಮಂಚದಲ್ಲಿ ನೆರೆಯೂರಿನ ಗೌಡರ ಹೆಂಗಸು. ಆಕೆಗೂ ಜೊತೆಗೆ ಯಾರೂ ಇರಲಿಲ್ಲ, ಮಗ ಸಂಜೆ ಬಂದು ಹೋಗುತ್ತಿದ್ದ. ಮೊದಲ ದಿನವೇ ‘ಯಾರ ಪೈಕಿ?’ ಅಂತ ಕೇಳಿದಳು, ಅವ್ವ ಹೇಳಿದಳು. ಆದರೂ ಎರಡನೆಯ ರಾತ್ರಿ ವಾಂತಿಯಾದಾಗ ಹಣೆ ಹಿಡಿದದ್ದು ಅವ್ವನೇ. ಆಮೇಲೆ ಒಂದೇ ಫ್ಲಾಸ್ಕಿನ ಬಿಸಿನೀರು, ಒಂದೇ ಬನ್ನು ಅರ್ಧರ್ಧ. ‘ಅವ್ವಾರೇ’ ಅನ್ನುತ್ತಿದ್ದವಳು ಮೂರನೆಯ ದಿನಕ್ಕೆ ‘ಅಕ್ಕ’ ಅನ್ನತೊಡಗಿದಳು. ಇಬ್ಬರೂ ಬೇಗ ಚೇತರಿಸಿಕೊಂಡರು ಅಂತ ನರ್ಸಮ್ಮ ಹೇಳಿದರಂತೆ. ಡಿಸ್ಚಾರ್ಜಿನ ದಿನ ಗೌಡರ ಹೆಂಗಸು ಅವ್ವನ ಕೈ ಹಿಡಿದುಕೊಂಡು, ‘ನಮ್ಮೂರ್ ಕಡೆ ಬಂದ್ರೆ ಮನೇಗ್ ಬಾ ಕಣವ್ವ’ ಅಂದಳು.

‘ಬತ್ತೀನಿ. ಬಂದ್ರೆ ಎಲ್ ಕೂರ್ಲಿ ಅಕ್ಕ?’ ಅಂದಳು ಅವ್ವ.

ಆಕೆ ಕೈ ಬಿಡಲಿಲ್ಲ. ಮಾತೂ ಆಡಲಿಲ್ಲ. ಹೊರಗೆ ಮಗ ಆಟೋ ತಂದು ನಿಲ್ಲಿಸಿದ್ದ.